ಪುಣೆಯಿಂದ ಒಂದು ತಾಸು

ಬೀದರ ಜಿಲ್ಲೆಯ ಔರಾದದಲ್ಲಿ ನನ್ನದು ಮೊಬೈಲ್ ಅಂಗಡಿ. ಊರವರಿಗೆ ಏನು ತಿಳಿಯದಿದ್ದರೂ 'ಮುಜೀಬೋದ್ದೀನನ್ನ ಕೇಳ್ರಿ' ಅನ್ನುವುದು ರೂಢಿ. ಆ ಮಾತಿಗೆ ಉಬ್ಬಿ ಉಬ್ಬಿ, 'ಗೊತ್ತಿಲ್ಲ' ಅನ್ನುವುದೇ ನನಗೆ ಮರೆತುಹೋಗಿತ್ತು.

ಮೇ ತಿಂಗಳ ಒಂದು ಶುಕ್ರವಾರ, ಬೆಳಗಿನ ನಮಾಜಿನ ಹೊತ್ತಿಗೆ ನಮ್ಮಣ್ಣ ಜಹೀರೋದ್ದೀನ ತೀರಿಕೊಂಡ. ಒಬ್ಬಳೇ ಮಗಳು ಫರ್ಹೀನ ಪುಣೆಯಲ್ಲಿದ್ದಳು. ಫೋನು ಮಾಡಿದೆ. ಪಕ್ಕದ ಮನೆಯವರ ಕಾರು ಬಾಗಿಲಿಗೆ ಬಂದಿದೆ, ಈಗಲೇ ಹೊರಡುತ್ತೇನೆ, ಅಬ್ಬಾನ ಮುಖ ನೋಡದೆ ಮಣ್ಣು ಮಾಡಬೇಡಿ ಎಂದು ಅತ್ತಳು.

"ಕಾರ್ ಬ್ಯಾಡ ಬೇಟಿ, ಒಂಬತ್ತ್ ತಾಸು ಹಿಡಿತದ. ವಿಮಾನದಾಗ ಬಾ. ಬೀದರಕ್ಕ ಒಂದೇ ತಾಸು," ಎಂದೆ.

ಫೋನಿನಲ್ಲಿ ಇಂಟರ್ನೆಟ್ಟಿನ ಒಂದು ಪುಟ ನೋಡಿಯೇ ಹೇಳಿದ್ದೆ. ಎರಡು ಊರಿನ ಹೆಸರು ಕೊಟ್ಟರೆ ಆ ಪುಟ ದೂರ ಅಳೆದು ಹಾರಾಟದ ಸಮಯ ಹೇಳುತ್ತದೆ. ವಿಮಾನ ಇದೆಯೋ ಇಲ್ಲವೋ ಅದಕ್ಕೆ ಬೇಕಿಲ್ಲ. ಆಮೇಲೆ ನಮ್ಮ ಔರಾದ, ಪಕ್ಕದ ಭಾಲ್ಕಿ ಎಂದು ಕೊಟ್ಟು ನೋಡಿದೆ. ಅದಕ್ಕೂ ಆರು ನಿಮಿಷ ಅಂದಿತು, ಹಾಳಾದ್ದು! ಬಸ್ಸೇ ನೆಟ್ಟಗೆ ಬರದ ಊರು ನಮ್ಮದು.

ಎಂಟೂವರೆಗೆ ವಿಮಾನ ನಿಲ್ದಾಣದಿಂದ ಅವಳ ಫೋನು. "ಚಾಚಾ, ಇಲ್ಲಿಂದ ಬೀದರಕ್ಕ ವಿಮಾನಾನೇ ಇಲ್ಲಂತ."

ಮತ್ತೆ ಕಾರು ಹಿಡಿದು ಅವಳು ಪುಣೆ ಬಿಡುವಾಗ ಒಂಬತ್ತು ದಾಟಿತ್ತು. ಆಗಲಾದರೂ ಮನೆಯವರಿಗೆ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಅಂಗಳದ ತುಂಬ ಜನ, ಮಾನ ಹೋಗುತ್ತದೆಂಬ ಹೆದರಿಕೆ. ಕೇಳಿದವರಿಗೆಲ್ಲ "ಇನ್ನೊಂದ್ ತಾಸು" ಅಂದೆ. ಮಧ್ಯಾಹ್ನದ ಜುಮ್ಮಾ ನಮಾಜಿಗೆ ಮುಂಚೆಯೂ ಅಂದೆ, ಆದಮೇಲೂ ಅಂದೆ. ಹಾಸಿದ್ದ ಐಸ್ ಎರಡು ಸಲ ಕರಗಿ ಹೋಯಿತು. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು.

ಸಂಜೆ ಐದರ ಹೊತ್ತಿಗೆ ಅಸರ್ ನಮಾಜು ಮುಗಿಸಿ ಎಲ್ಲರೂ ಅಣ್ಣನ ಜನಾಜಾ ಹೆಗಲಿಗೆ ಎತ್ತಲು ಬಂದರು. ಆಗ ಫರ್ಹೀನಳ ಫೋನು ಬಂತು: ಭಾಲ್ಕಿ ಮುಟ್ಟಿದ್ದೇನೆ.

ಜಮಾತಿನ ಹಿರಿಯರಾದ ಕರೀಮ ಸಾಬರ ಕೈ ಹಿಡಿದುಕೊಂಡೆ. "ಭಾಲ್ಕಿಗಿ ಬಂದಾಳ್ರಿ. ಬರೇ ಒಂದ್ ತಾಸ್ರಿ. ಖುದಾ ಕಸಮ್ ರಿ."

"ಮುಂಜಾನಿಂದ ನಿನ್ನ ಒಂದ್ ತಾಸು ಮುಗಿಯವಲ್ದು ಮುಜೀಬ," ಎಂದರು ಅವರು. "ಮಯ್ಯತ ಹಿಂಗ ಇಡೋದು ಗುನ್ಹಾ ಅದ."

ನಾನು ಅತ್ತಿಗೆ ಅಕ್ತರಬೀಯ ಕಡೆ ನೋಡಿದೆ. ಅವರೊಬ್ಬರು ಬೇಡ ಅಂದಿದ್ದರೆ ಯಾರೂ ಎತ್ತುತ್ತಿರಲಿಲ್ಲ. ಅವರು ನನ್ನನ್ನೇ ನೋಡುತ್ತ, "ಒಯ್ರಿ," ಅಂದರು.

ಗೋರಿಯೊಳಗೆ ಇಳಿದವನು ನಾನೇ. ಕಫನ್ ಬಟ್ಟೆಯ ಗಂಟು ಬಿಚ್ಚಿ ಅಣ್ಣನ ಮುಖವನ್ನು ಪಶ್ಚಿಮಕ್ಕೆ ಹೊರಳಿಸಿದೆ. ಬಾಯಿ ತೆರೆದಿತ್ತು, ಕೆನ್ನೆ ಕಪ್ಪಿಟ್ಟು ಊದಿತ್ತು. ಅದು ನನ್ನಿಂದಲೇ ಆದದ್ದು.

ಮಣ್ಣು ಮುಗಿಸಿ ನಾವು ಮನೆಗೆ ಮರಳಿದ್ದೆವು; ಫರ್ಹೀನ ಬಂದಾಗ ಆರೂಕಾಲು. ನಮ್ಮಲ್ಲಿ ಹೆಂಗಸರು ಖಬರಸ್ತಾನಕ್ಕೆ ಹೋಗುವುದಿಲ್ಲ. ಅವಳು ಯಾರನ್ನೂ ಬೈಯಲಿಲ್ಲ. ಮಣ್ಣು ಮೆತ್ತಿದ ನನ್ನ ಕೈ ನೋಡಿ ಎದುರಿಗೆ ಕೂತಳು.

"ಚಾಚಾ, ನೀವ್ ನೋಡೀರಿ. ಅಬ್ಬಾನ ಮುಖ ಹ್ಯಾಂಗಿತ್ತು?"

"ಮಕ್ಕೊಂಡಂಗ ಇತ್ತು ಬೇಟಿ. ಮುಖದಾಗ ನೂರ್ ಇತ್ತು, ಬೆಳಕ ಚೆಲ್ಲಿದಂಗ."



"ಇದಾದ್ರೂ ಖರೆ ಅದ ಏನು ಚಾಚಾ?" ಎಂದಳು.