ಬೀಗರ ಊರಿಗೆ ಹೊರಟ ಆಲಿವ್ ಸಸಿ

ದಕ್ಷಿಣದ ನಮ್ಮ ಸಲೆಂತೊ ಸೀಮೆಯಲ್ಲಿ, ಆಲಿವ್ ಮರಗಳಿಗೆ ರೋಗ ಬಿದ್ದ ಮೇಲೆ, ಈಗ ಇಬ್ಬರು ರೈತರು ಎದುರಾದರೆ ಹೆಂಡತಿ ಮಕ್ಕಳ ಕ್ಷೇಮ ಕೇಳುವುದಿಲ್ಲ. "ನಿನ್ನ ತೋಟದಲ್ಲಿ ಇನ್ನೆಷ್ಟು ಮರ ಉಳಿದಿವೆ?" ಎಂದೇ ಮಾತು ಶುರು.

ಪಂತಾಲೆಯೊನ ತೋಟದಲ್ಲಿ ಉಳಿದದ್ದು ಬಾವಿಯ ಪಕ್ಕದ ಒಂದೇ ಮರ. ಮುತ್ತಾತನ ಕಾಲದ ಒಲ್ಯಾರೊಲಾ ಎಂಬ ನಾಡ ಆಲಿವ್ ತಳಿ, ಇಬ್ಬರು ಸೇರಿ ತಬ್ಬಿದರೂ ಸಿಗದ ಬುಡ. ಬೇರೆ ಮರಗಳಲ್ಲಿ ಮೊದಲು ಎಲೆಯ ತುದಿ ಸುಟ್ಟಂತೆ ಕಂದಾಯಿತು, ಆಮೇಲೆ ಒಂದೊಂದೇ ಕೊಂಬೆ, ಕಡೆಗೆ ಇಡೀ ಮರ. ಅವನು ಬುಡಕ್ಕೆ ಸುಣ್ಣ ಬಳಿದ, ಮೈಲುತುತ್ತ ಹೊಡೆದ, ಪಾದ್ರಿಯನ್ನು ಕರೆಸಿ ಮಂತ್ರಿಸಿದ ನೀರನ್ನೂ ಚಿಮುಕಿಸಿದ. ಏನೂ ಪ್ರಯೋಜನವಾಗಲಿಲ್ಲ. ಆದರೂ ಇದು ಅಂಟುರೋಗ ಎಂದರೆ ಒಪ್ಪುತ್ತಿರಲಿಲ್ಲ. ಸಸಿ ಮಾರುವವರು ಹುಟ್ಟಿಸಿದ ಸುದ್ದಿ ಎಂದು ಕಾಫಿ ಅಂಗಡಿಯಲ್ಲಿ ಕೂತು ವಾದಿಸುತ್ತಿದ್ದ. ಅದಕ್ಕೆ ತಲೆದೂಗುವವರಿಗೇನೂ ನಮ್ಮೂರಲ್ಲಿ ಬರವಿಲ್ಲ.

ಅವರ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಮೊಮ್ಮಗು ಹುಟ್ಟಿದರೆ ಅಜ್ಜ ತನ್ನ ಮರದ ಬುಡದಲ್ಲಿ ಒಡೆದ ಮರಿಯನ್ನು ಬೇರು ಸಮೇತ ಕಿತ್ತು ಮಗುವಿನ ಹೆಸರಲ್ಲಿ ನೆಡಬೇಕು. ಮಗಳು ಮಿರೆಲ್ಲಾ ಮದುವೆಯಾಗಿ ಉತ್ತರಕ್ಕೆ, ಆಂಡ್ರಿಯಾ ಊರಿನ ಕಡೆ ಹೋಗಿದ್ದಳು. ಬೀಗ ಸಬೀನೊನ ಸಂಸಾರ ನಡೆಯುವುದೇ ಕೊರಾತೀನಾ ತಳಿಯ ಆಲಿವ್ ತೋಟದಿಂದ. ಅಲ್ಲಿಗೆ ಈ ಪಿಡುಗು ಇನ್ನೂ ಕಾಲಿಟ್ಟಿರಲಿಲ್ಲ. ಏಪ್ರಿಲ್ ಕೊನೆಯ ಭಾನುವಾರ ಮೊಮ್ಮಗನ ನಾಮಕರಣ, ಚರ್ಚಿನಲ್ಲಿ ತಲೆಗೆ ನೀರು ಹಾಕುವ ಶಾಸ್ತ್ರ. ಪಂತಾಲೆಯೊ ಶನಿವಾರವೇ ಬಾವಿ ಮರದ ಮರಿಯೊಂದನ್ನು ಅಗೆದು, ಮಣ್ಣುಂಡೆ ಸಮೇತ ಗೋಣಿಯಲ್ಲಿ ಕಟ್ಟಿಟ್ಟ.

ಹೆಂಡತಿ ಒರೊಂಜಾ ಆ ಗೋಣಿಯನ್ನು ಕಂಡಳು. ರೋಗ ಹಬ್ಬಿದ ಸೀಮೆಯಿಂದ ಆಲಿವ್ ಗಿಡ ಹೊರಗೆ ಒಯ್ಯಬಾರದು ಎಂದು ರೇಡಿಯೋದಲ್ಲಿ ಕೇಳಿದ್ದಳು. ಗಂಡನಿಗೆ ಹೇಳಿ ಉಪಯೋಗವಿಲ್ಲ. ನೆಟ್ಟಗೆ ಪಕ್ಕದ ತೋಟದ ನುಂಜಿಯಾಳ ಹತ್ತಿರ ಹೋದಳು. ನುಂಜಿಯಾಳ ಮರಗಳು ಎಲ್ಲರಿಗಿಂತ ಮೊದಲೇ ಹೋಗಿದ್ದವು. ಹೋದ ಮೇಲೆ ಅವಳು ಕೃಷಿ ಇಲಾಖೆಯವರು ಕರೆದ ಸಭೆ ಒಂದನ್ನೂ ತಪ್ಪಿಸಿರಲಿಲ್ಲ.

ನುಂಜಿಯಾ ಬಂದವಳೇ ಗೋಣಿಯನ್ನು ನೋಡಿದಳು.

"ಎಲ್ಲಿಗಣ್ಣಾ ಈ ಮರಿ ಪಯಣ?"

"ಮೊಮ್ಮಗನ ಮನೆಗೆ. ನೀನೂ ಬರ್ತೀಯಾ? ಡಿಕ್ಕೀಲಿ ಇನ್ನೂ ಜಾಗ ಐತೆ."

"ತಮಾಷೆ ಬಿಡು. ಇದರೊಳಗೆ ರೋಗ ಇದ್ರೆ?"

"ಮರ ಹಸಿರಾಗಿ ನಿಂತಿರೋದು ನಿನ್ನ ಕಣ್ಣಿಗೆ ಕಾಣಲ್ವಾ?"

"ನನ್ನವೂ ಹಸಿರಾಗೇ ಇದ್ವು. ರೋಗ ಒಳಗೆ ಹೊಕ್ಕು ಎಷ್ಟೋ ಕಾಲ ಹೊರಗೆ ಏನೂ ತೋರ್ಸಲ್ಲ. ಬೇರಿಂದ ನೀರು ಏರೋ ನಾಳದಲ್ಲೇ ಕೂತು ದಾರಿ ಕಟ್ಟಿಬಿಡುತ್ತೆ. ನೀನು ಬಾವಿ ಪೂರ್ತಿ ಬಗ್ಗಿಸಿದ್ರೂ ಎಲೆಗೆ ನೀರು ಹೋಗಲ್ಲ. ಇದಕ್ಕೆ ಔಷಧಿ ಇಲ್ಲಣ್ಣಾ."

ಆಮೇಲೆ ಮರದ ಕೆಳಗಿನ ಕಳೆ ತೋರಿಸಿದಳು. ಒರೊಂಜಾ ಕಾಡು ಚಿಕೋರಿ ಸೊಪ್ಪು ಕೀಳುತ್ತಾಳೆಂದು ಪಂತಾಲೆಯೊ ಅಲ್ಲಿ ಉಳುಮೆಯನ್ನೇ ಮಾಡಿರಲಿಲ್ಲ. ದಂಟುಗಳ ಮೇಲೆ ಯಾರೋ ಉಗಿದಂತೆ ಅಲ್ಲಲ್ಲಿ ಬಿಳಿ ನೊರೆ. ಅದರೊಳಗಿರುವುದೇ ಉಗುಳುಹುಳದ ಮರಿ, ಬೇಸಿಗೆ ಹೊತ್ತಿಗೆ ರೆಕ್ಕೆ ಬಂದು ಮರ ಏರುತ್ತದೆ, ರೋಗದ ಮರದ ರಸ ಹೀರಿ ಅದೇ ಬಾಯನ್ನು ಒಳ್ಳೆಯ ಮರಕ್ಕೆ ಇಡುತ್ತದೆ, ಅದಕ್ಕೇ ವಸಂತದಲ್ಲೇ ಕಳೆ ಕೊಚ್ಚಬೇಕು ಇಲ್ಲವೇ ಉಳಬೇಕು ಎಂದು ವಿವರಿಸಿದಳು. ಬಾವಿ ಮರಕ್ಕೆ ಲೆಚ್ಚಿನೊ ತಳಿಯ ಕಸಿ ಕಟ್ಟೋಣ, ಆ ತಳಿಗೆ ರೋಗ ಹೊಕ್ಕರೂ ತಡೆದುಕೊಳ್ಳುತ್ತದೆ ಎಂದೂ ಹೇಳಿದಳು. ಲೆಚ್ಚಿನೊ ಹೆಸರು ಕೇಳಿದ್ದೇ ಪಂತಾಲೆಯೊನಿಗೆ ಪಿತ್ತ ಕೆರಳಿತು. ಎಲ್ಲೋ ದೂರದ ತೊಸ್ಕಾನಾ ಕಡೆಯ ಆ ಮರವನ್ನು ತನ್ನ ಮುತ್ತಾತನ ತಲೆ ಮೇಲೆ ಕೂರಿಸಲಾರೆ ಎಂದ. ನುಂಜಿಯಾ ತನ್ನ ತೋಟಕ್ಕೆ ಹೊರಟುಹೋದಳು.

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಹೊರಟರು. ದಾರಿಯ ಎರಡೂ ಬದಿ ಬೂದು ಬಣ್ಣದ ಬೋಳು ಮರಗಳು. ಒರೊಂಜಾಳ ತೊಡೆಯ ಮೇಲೆ ನಾಮಕರಣಕ್ಕೆ ಹಂಚುವ ಸಕ್ಕರೆ ಬಾದಾಮಿಯ ಬುಟ್ಟಿ. ಉತ್ತರಕ್ಕೆ ಹೋದಂತೆ ಒಂದೊಂದು ಹಸಿರು ಮರ ಸಿಗತೊಡಗಿತು. ಬರಬರುತ್ತ ತೋಟಗಳೇ ಹಸಿರಾದವು. ತಮ್ಮ ತೋಟ ಹಿಂದೆ ಹೀಗೇ ಇದ್ದದ್ದು ಇಬ್ಬರಿಗೂ ನೆನಪಾಗಿರಬೇಕು.

ಸಸಿ ಬಾಡೀತೆಂದು ಪಂತಾಲೆಯೊ ಒಂದು ಕಡೆ ಗಾಡಿ ನಿಲ್ಲಿಸಿ, ನೀರು ಚಿಮುಕಿಸಲು ಡಿಕ್ಕಿ ತೆರೆದ. ಮಣ್ಣುಂಡೆಯಲ್ಲಿ ಕಳೆಯ ಕುಡಿಯೊಂದು ಉಳಿದುಕೊಂಡಿತ್ತು. ಅದರ ಮೇಲೆ ಬಿಳಿ ನೊರೆ. ಬೆರಳಿಂದ ಸರಿಸಿದ. ಒಳಗೆ ತಿಳಿ ಹಸಿರಿನ ಪುಟ್ಟ ಹುಳ ಕಾಲಾಡಿಸುತ್ತಿತ್ತು.

ಪಂತಾಲೆಯೊ ತಲೆಯೆತ್ತಿ ನೋಡಿದ. ರಸ್ತೆಯ ಆಚೆ ಯಾರದೋ ತೋಟ, ತುಂಬು ಹಸಿರು. ಅವನು ಧಡಕ್ಕನೆ ಡಿಕ್ಕಿ ಮುಚ್ಚಿದ.

"ಇಲ್ಲೇ ಎಸೆದು ಹೋಗೋಣ್ವಾ?" ಎಂದಳು ಪಕ್ಕದಲ್ಲೇ ನಿಂತು ನೋಡುತ್ತಿದ್ದ ಒರೊಂಜಾ. "ಶಾಸ್ತ್ರದ ಹೊತ್ತಾಯ್ತು."

"ಇಲ್ಲಿ ಎಸೆದ್ರೆ ಹುಳ ಇಲ್ಲಿನ ಹುಲ್ಲಿಗೆ ಹತ್ತುತ್ತೆ. ನಮ್ಮೂರಿಂದ ಬಂದದ್ದು, ನಮ್ಮೂರಿಗೇ ಹೋಗ್ಲಿ."

ಬಂದಷ್ಟೂ ದಾರಿ ವಾಪಸು ಬಂದು, ಸಸಿಯನ್ನೂ ಗೋಣಿಯನ್ನೂ ತೋಟದಲ್ಲೇ ಸುಟ್ಟರು. ಅತ್ತ ಮೊಮ್ಮಗನ ತಲೆಗೆ ನೀರು ಹಾಕುವ ಹೊತ್ತಿಗೆ ಇತ್ತ ಅಜ್ಜ ಬೆಂಕಿ ಮುಂದೆ ಕೂತಿದ್ದ. ಒರೊಂಜಾ ಅತ್ತಳು. ಅಳದೆ ಏನು ಮಾಡಿಯಾಳು? ಬಟ್ಟೆ ಕೊಡವಿ, ಡಿಕ್ಕಿ ಗುಡಿಸಿ ತೊಳೆದು, ಮತ್ತೆ ಹೊರಟರು.

ಬೀಗರ ಮನೆ ಮುಟ್ಟಿದಾಗ ಊಟ ಮುಗಿದಿತ್ತು. ಸಬೀನೊ ಒಂದು ಮಾತೂ ಆಕ್ಷೇಪಿಸದೆ ಇವರನ್ನು ತೋಟಕ್ಕೆ ಕರೆದೊಯ್ದ. ಅಲ್ಲಿ ಗುಂಡಿ ತೋಡಿ, ಸುತ್ತ ಕಲ್ಲು ಜೋಡಿಸಿಟ್ಟಿದ್ದ.

"ಸಸಿ ಎಲ್ಲಿ ಬೀಗರೇ?"

ಪಂತಾಲೆಯೊ ಏನನ್ನೂ ಮುಚ್ಚಿಡದೆ ಹೇಳಿದ. ಸಬೀನೊ ತನ್ನ ಮರಗಳ ಕಡೆ ತಿರುಗಿ ನೋಡಿದ. ಮಿರೆಲ್ಲಾ ಮಗುವನ್ನು ಎದೆಗವಚಿಕೊಂಡು ಅಪ್ಪನ ಮುಂದೆ ಬಂದಳು.

"ಹಾಗಾದ್ರೆ ನನ್ನ ತವರಿಂದು ಅಂತ ಇಲ್ಲಿ ಒಂದು ಮರನೂ ಇರಲ್ವಾ ಅಪ್ಪಾ?"

ಪಂತಾಲೆಯೊ ಸಲಿಕೆ ತೆಗೆದುಕೊಂಡ.

"ನಮಗಾಗಿದ್ದು ಇಲ್ಲಿ ಆಗಬಾರ್ದು ಮಗಳೇ. ಈ ತೋಟ ಹಸಿರಾಗೇ ಉಳೀಲಿ. ನಿನ್ನ ಮಗನಿಗೆ ನಾನು ಕೊಡೋದು ಇಷ್ಟೇ," ಎಂದು ಗುಂಡಿಗೆ ಮಣ್ಣು ಎಳೆಯತೊಡಗಿದ. ಸ್ವಲ್ಪ ಹೊತ್ತಿಗೆ ಸಬೀನೊನೂ ಇನ್ನೊಂದು ಸಲಿಕೆ ತಂದ.

ಊರಿಗೆ ಮರಳಿದ ಪಂತಾಲೆಯೊ ತಾನಾಗಿ ನುಂಜಿಯಾಳ ಬಾಗಿಲಿಗೆ ಹೋದ. ಕಳೆ ಕೊಚ್ಚಿದರು, ಬಾವಿ ಮರಕ್ಕೆ ಲೆಚ್ಚಿನೊ ಕಸಿ ಕಟ್ಟಿದರು. ಹಿಡಿಯುತ್ತದೋ ಇಲ್ಲವೋ ಇನ್ನೂ ತಿಳಿಯದು. ಅವನು ದಿನಾ ಹೋಗಿ ನೋಡುತ್ತಾನೆ.

ಅಣ್ಣಂದಿರೇ, ಅಕ್ಕಂದಿರೇ, ವಸಂತದಲ್ಲಿ ಮರದ ಕೆಳಗಿನ ಕಳೆ ತೆಗೆಯಿರಿ. ಎಲೆಯ ತುದಿ ಸುಟ್ಟಂತೆ ಕಂಡರೆ ಬಚ್ಚಿಡದೆ ಕೃಷಿ ಇಲಾಖೆಗೆ ತಿಳಿಸಿ. ರೋಗ ಹಬ್ಬಿದ ಊರಿಂದ ಸಸಿಯಾಗಲಿ, ಕಸಿ ಕಡ್ಡಿಯಾಗಲಿ ಒಯ್ಯಬೇಡಿ, ಅಕ್ಕರೆಯ ಮಗಳಿಗಾದರೂ ಒಯ್ಯಬೇಡಿ. ಈಗಾಗಲೇ ಹೊರಟುಬಿಟ್ಟಿದ್ದರೆ, ಎಷ್ಟೇ ದೂರ ಬಂದಿದ್ದರೂ ಸರಿ, ಗಾಡಿ ತಿರುಗಿಸಿ.