ಹೊಟ್ಟೆಯಲ್ಲಿ ನೆನೆದ ಅಕ್ಕಿ

ನಾನು ಒಂದು ಮಂಜಿ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮರದ ಹಡಗಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಗಂಗೊಳ್ಳಿಯ ಹೊಳೆದಂಡೆಯಲ್ಲಿ ಆಚಾರಿಗಳು ಹದಿನಾಲ್ಕು ತಿಂಗಳು ದುಡಿದು ನನ್ನನ್ನು ಕಟ್ಟಿದರು.

ಮಾಲೀಕರು ಹಸನಬ್ಬ ಹಾಜಿ. ಮೊದಮೊದಲು ವರ್ಷಕ್ಕೊಮ್ಮೆ ನನ್ನನ್ನು ದಡಕ್ಕೆಳೆದು, ಹಲಗೆಗಳ ಸಂದಿಗೆ ಹತ್ತಿ ತುಂಬಿಸಿ, ಮೈಗೆಲ್ಲ ಮೀನೆಣ್ಣೆ ಹಚ್ಚಿಸುತ್ತಿದ್ದರು. ಆಮೇಲೆ ಅವರಿಗೆ ಬೇಸರ ಬಂತು. ಇಡೀ ಸೀಸನ್ನಿಗೆ ನನ್ನನ್ನು ವರ್ತಕ ಉಪೇಂದ್ರ ಶೆಣೈಯವರಿಗೆ ಬಾಡಿಗೆಗೆ ಕೊಟ್ಟರು. ಹಡಗು, ಆಳುಗಳು ಹಾಜಿಯವರದು. ಸರಕು ಹಿಡಿಯುವುದು, ತುಂಬುವುದು ಶೆಣೈಯವರದು. ಹೀಗೆ ನನಗೆ ಇಬ್ಬರು ಯಜಮಾನರಾದರು. ಕಷ್ಟ ಬಂದ ದಿನ ಒಬ್ಬರೂ ಇರಲಿಲ್ಲ!

ನನ್ನನ್ನು ನಡೆಸುತ್ತಿದ್ದವನು ತಂಡೇಲ ಗಣಪ ಖಾರ್ವಿ. ಮಳೆಗಾಲಕ್ಕೆ ಕಡಲು ಮುಚ್ಚುವ ಮುಂಚಿನ ಕೊನೆಯ ಪಯಣಕ್ಕೆ ಐನೂರು ಮೂಟೆ ಅಕ್ಕಿ ಬಂತು. ಒಂದು ಪುಟ್ಟ ದ್ವೀಪದಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಸಾರಾಬಿ ತರಿಸಿಕೊಂಡದ್ದು. ಮಳೆಗಾಲವಿಡೀ ದ್ವೀಪದವರು ಉಣ್ಣಬೇಕಾದದ್ದು ಅದನ್ನೇ.

ಗಣಪ ಹಾಜಿಯವರ ಹತ್ತಿರ ಹೋದ. "ಎಡಬದಿಯ ಸಂದಿನಲ್ಲಿ ನೀರು ಒಸರ್ತಾ ಉಂಟು, ಹಾಜಿಯವರೆ."

"ಮಳೆಗಾಲದಲ್ಲಿ ನೋಡುವ ಮಾರಾಯ. ಒಂದು ಟ್ರಿಪ್ಪಿಗೆ ಎಂತ ಆಗ್ತದೆ?"

ಶೆಣೈಯವರ ಹತ್ತಿರವೂ ಹೋದ. "ನೀರು ಎತ್ತುವ ಪಂಪಿನ ಎದುರು ಮೂಟೆ ಇಡುದು ಬೇಡ, ಸ್ವಾಮಿ."

"ಬಾಡಿಗೆ ಕೊಡುದು ನಾನು. ಜಾಗ ಬಿಟ್ಟು ಗಾಳಿ ಸಾಗಿಸ್ಲಿಕ್ಕುಂಟಾ?"

ಸರಕನ್ನು ಸರಿಯಾಗಿ ತುಂಬಿಕೊಂಡಿದ್ದೇವೆ ಎಂಬ ರಸೀದಿಗೆ ಶೆಣೈಯವರ ಗುಮಾಸ್ತನೇ 'ತಂಡೇಲನ ಪರವಾಗಿ' ಎಂದು ಸಹಿ ಗೀಚಿದ. ಗಣಪನನ್ನು ಕೇಳಲೂ ಇಲ್ಲ.

ಹೊರಟ ಎರಡನೆಯ ದಿನ ಕಡಲು ಎದ್ದಿತು. ಎಡಬದಿಯ ಸಂದು ಬಾಯಿಬಿಟ್ಟಿತು. ಆಳುಗಳು ಮೂಟೆ ಸರಿಸಿ ಪಂಪಿನ ಹತ್ತಿರ ತಲುಪುವಷ್ಟರಲ್ಲಿ ಕೆಳಗಿನ ಸಾಲುಗಳೆಲ್ಲ ನೆನೆದಿದ್ದವು. ನನಗೆ ಹಾಜಿಯವರ ಮೇಲೂ ಸಿಟ್ಟು ಬಂತು, ಶೆಣೈಯವರ ಮೇಲೂ ಬಂತು.

ದ್ವೀಪ ಮುಟ್ಟಿದೊಡನೆ ಗಣಪ ಇಬ್ಬರಿಗೂ ಫೋನು ಮಾಡಿದ.

"ಒಳಗೆ ತುಂಬಿಸಿದ್ದು ಶೆಣೈ, ಅವರನ್ನೇ ಕೇಳು," ಎಂದರು ಹಾಜಿ.

"ತೂತು ಹಡಗು ಕೊಟ್ಟದ್ದು ಹಾಜಿ, ಅವರನ್ನೇ ಕೇಳು," ಎಂದರು ಶೆಣೈ.

ಒಂದು ಮಾತು ಮಾತ್ರ ಇಬ್ಬರೂ ಹೇಳಿದರು: ನಷ್ಟ ಅಳೆಯುವ ಸರ್ವೇಯರ್ ಬರುವವರೆಗೆ ಒಂದು ಮೂಟೆಯೂ ಇಳಿಯಬಾರದು; ಇಳಿಸಿದವನು ತಪ್ಪು ಒಪ್ಪಿಕೊಂಡ ಹಾಗೆ.

ಸರ್ವೇಯರ್ ಬರಲಿಲ್ಲ. ಮೂರು ದಿನ ಬಿಸಿಲಿನಲ್ಲಿ ನಿಂತೆ. ನೆನೆದ ಅಕ್ಕಿ ನನ್ನ ಹೊಟ್ಟೆಯಲ್ಲಿ ಬಿಸಿಯಾಗಿ ಹುಳಿ ವಾಸನೆ ಎದ್ದಿತು. ಆ ಹಬೆ ಮೇಲಿನ ಒಣ ಮೂಟೆಗಳಿಗೂ ತಾಗತೊಡಗಿತು. ನನಗೆ ಕೈಯಿದ್ದಿದ್ದರೆ ನಾನೇ ಎತ್ತಿ ದಡಕ್ಕೆ ಎಸೆಯುತ್ತಿದ್ದೆ.

ನಾಲ್ಕನೆಯ ಬೆಳಿಗ್ಗೆ ಸಾರಾಬಿ ರಸೀದಿ ಹಿಡಿದು ಬಂದಳು. ಖರೀದಿಗೆಂದು ಮಂಗಳೂರಿಗೆ ಓಡಾಡಿ ಕನ್ನಡ ಕಲಿತವಳು.

"ಹಡಗು ಇಲ್ಲಿ ಉಂಟು, ಅಕ್ಕಿ ಇಲ್ಲಿ ಉಂಟು, ತಿನ್ನುವವರೂ ಇಲ್ಲಿಯೇ ಇದ್ದಾರೆ. ಇನ್ನು ಯಾರನ್ನು ಕಾಯುದು, ತಂಡೇಲರೆ?"

ಗಣಪ ಆಳುಗಳನ್ನು ಕರೆದ. ಟಾರ್ಪಾಲು ಕಿತ್ತು ಮೊದಲ ಮೂಟೆಯನ್ನು ತಾನೇ ಹೆಗಲಿಗೇರಿಸಿದ. ಸಂಜೆಯೊಳಗೆ ಮುನ್ನೂರ ಹತ್ತು ಒಣ ಮೂಟೆ ಇಳಿದವು. ಬಳಿಕ ಒಂದು ಹಾಳೆಯಲ್ಲಿ ಸಂದು ಒಸರಿದ್ದು, ಪಂಪಿಗೆ ಮೂಟೆ ಅಡ್ಡವಿದ್ದದ್ದು, ತಾನು ಅಪ್ಪಣೆಯಿಲ್ಲದೆ ಇಳಿಸಿದ್ದು, ಎಲ್ಲವನ್ನೂ ಬರೆದು, ತನ್ನ ಹೆಸರು ಹಾಕಿ ಸಾರಾಬಿಗೆ ಕೊಟ್ಟ.

ಮಂಗಳೂರಿಗೆ ಮರಳಿದಾಗ ಇಬ್ಬರು ಯಜಮಾನರಿಗೂ ಒಮ್ಮತ ಬಂದಿತ್ತು: ತಪ್ಪೆಲ್ಲ ತಂಡೇಲನದು! ಹಾಜಿ ಅವನನ್ನು ಕೆಲಸದಿಂದ ಬಿಡಿಸಿದರು. ಮಾರನೆಯ ವಾರ ತಾವಿಬ್ಬರೇ ಮತ್ತೆ ಜಗಳಕ್ಕೆ ನಿಂತರು.

ಕೋರ್ಟಿನಲ್ಲಿ ವ್ಯಾಜ್ಯ ಒಂಬತ್ತು ವರ್ಷಗಳಿಂದ ನಡೆಯುತ್ತಿದೆ. ನಾನು ಸಾಕ್ಷಿಯಂತೆ. ಆದ್ದರಿಂದ ಕಡಲಿಗೆ ಹೋಗಬಾರದು, ರಿಪೇರಿಯಾಗಬಾರದು, ಮಾರಾಟವಾಗಬಾರದು. ಬೆಂಗ್ರೆಯ ದಂಡೆಯಲ್ಲಿ ಕಟ್ಟಿಹಾಕಿದರು. ಹಲಗೆ ಬಿರಿಯಿತು, ಮೊಳೆ ತುಕ್ಕು ಹಿಡಿದು ಉದುರಿತು.

ಕಳೆದ ತಿಂಗಳು ಕೋರ್ಟಿನ ಕಮಿಷನರ್ ನನ್ನನ್ನು ಪರೀಕ್ಷಿಸಲು ಬಂದರು. ಎಡಬದಿಯಲ್ಲಿ ಬಗ್ಗಿ ನೋಡಿದರು. ಹಲಗೆಗಳ ನಡುವಿನಿಂದ ಆಚೆಯ ದಡ ಕಾಣುತ್ತಿತ್ತು.

"ನೀರು ನುಗ್ಗಿದ ಸಂದು ಇದರಲ್ಲಿ ಯಾವುದು ಮಾರಾಯ್ರೆ?" ಎಂದು ಜೊತೆಗಿದ್ದ ಎರಡೂ ಕಡೆಯ ವಕೀಲರನ್ನು ಕೇಳಿದರು.

ವಕೀಲರಿಬ್ಬರೂ ಎರಡು ಬೇರೆ ಬೇರೆ ಸಂದುಗಳನ್ನು ತೋರಿಸಿದರು.