ಹದಿಮೂರು ಸ್ಕ್ರೂಗಳ ಚಕ್ಕುಬಂದಿ

ಸೊರಬದ ಪತ್ರಬರಹಗಾರ ಚೌಡಪ್ಪನವರು ಹಳೆಯ ಲ್ಯಾಪ್‌ಟಾಪಿನ ಗುಂಡಿ ಒತ್ತಿ ಚಹಾಕ್ಕೆ ಹೋಗುವವರು; ಅದು ಏಳುವಷ್ಟರಲ್ಲಿ ಕುಡಿದು ಬಂದಿರುತ್ತಿದ್ದರು. ಅದನ್ನು ಶಿಕಾರಿಪುರಕ್ಕೆ ಹೊತ್ತು ತಂದಾಗ ರಿಪೇರಿ ಅಂಗಡಿಯ ನಾಗವೇಣಿ, "ಹಾರ್ಡ್‌ಡಿಸ್ಕ್ ಬದಲಿಸಿದ್ರೆ ಸಾಕ್ರೀ, ಉಳಿದಿದ್ದೆಲ್ಲ ಗಟ್ಟಿ ಐತಿ" ಎಂದಳು.

ಕ್ಯಾಲೆಂಡರ್ ಹಾಳೆಯ ಹಿಂದೆ ಲ್ಯಾಪ್‌ಟಾಪಿನ ತಳದ ನಕ್ಷೆ ಬರೆದು, ಬಿಚ್ಚಿದ ಹದಿಮೂರು ಸ್ಕ್ರೂಗಳನ್ನೂ ಆ ನಕ್ಷೆಯಲ್ಲಿ ಅವುಗಳ ಜಾಗದಲ್ಲೇ ಇಟ್ಟಳು. ಇಪ್ಪತ್ತು ವರ್ಷ ಜಮೀನುಗಳ ನಾಲ್ಕೂ ದಿಕ್ಕಿನ ಗಡಿ ಗುರುತಿಸಿ ಚಕ್ಕುಬಂದಿ ಬರೆದ ಚೌಡಪ್ಪನವರೂ ಇಷ್ಟು ಕರಾರುವಾಕ್ಕಾಗಿ ಬರೆದಿರಲಿಲ್ಲ.

ಹಳೆಯ ಕ್ರಯಪತ್ರಗಳನ್ನೆಲ್ಲ ಎಸ್‌ಎಸ್‌ಡಿ ಎಂಬ ವೇಗದ ಹೊಸ ಡಿಸ್ಕಿಗೆ ತುಂಬಿ, ಅದನ್ನು ಒಳಗೆ ಕೂರಿಸಿ, ಮುಚ್ಚಳ ಬಿಗಿದು, "ಚಾಲೂ ಮಾಡ್ರಿ" ಎಂದಳು. ಅವರು ಗುಂಡಿ ಒತ್ತಿ, ರೂಢಿಯಂತೆ ಎದ್ದು ಚಪ್ಪಲಿ ಮೆಟ್ಟಿದರು.

"ಎಲ್ಲಿಗ್ರೀ? ಆಗ್ಲೇ ಬಂತಲ್ರೀ!" ಎಂದಳು ನಾಗವೇಣಿ.

ತಿರುಗಿ ನೋಡಿದರೆ, ಪರದೆಯ ಮೇಲೆ ಅವರ ಪತ್ರಗಳು ಸಾಲಾಗಿ ಕಾಯುತ್ತಿದ್ದವು. ಚೌಡಪ್ಪನವರು ಚಪ್ಪಲಿ ಕಳಚಿ ಕೈಮುಗಿದರು. "ಇನ್ಮೇಲೆ ಚಾ ಕುಡಿಯಕ್ಕೆ ಬೇರೆ ನೆಪ ಹುಡುಕ್ಬೇಕಲ್ಲ ತಾಯಿ!"